ಯೆನ್ಸಿನಾಳ ರಕ್ತ

ಕ್ವಾನ್‌ವೀಕ್ ಊರಿನಲ್ಲಿ ಯೆನ್ಸಿನಾ ಅತ್ತದ್ದನ್ನು ಕಂಡವರು ಯಾರೂ ಇರಲಿಲ್ಲ. ತಾಯಿ ತೀರಿಕೊಂಡಾಗ ಚರ್ಚಿನ ಮುಂದಿನ ಸಾಲಿನಲ್ಲಿ ಕೂತು, ಹಾಡುಗಳನ್ನೆಲ್ಲ ಕೊನೆಯ ಸಾಲಿನವರೆಗೂ ಹಾಡಿ, ಆಮೇಲೆ ಬಂದವರಿಗೆಲ್ಲ ತಾನೇ ಸೂಪು ಬಡಿಸಿದವಳು ಅವಳು. ಗಂಡ ತುಮ್ಮಾಸ್ ಮನೆ ಬಿಟ್ಟು ಕೆಳಗೆ ದೋಣಿಮನೆಯ ಪಕ್ಕದ ಪುಟ್ಟ ಮನೆಗೆ ಹೋದ ದಿನ, ಅವನ ಹಾಸಿಗೆಯ ಇನ್ನೊಂದು ತುದಿ ಹಿಡಿದು ಇಳಿಜಾರಿನಲ್ಲಿ ಇಳಿಸಿಕೊಟ್ಟವಳೂ ಅವಳೇ. ಗಟ್ಟಿ ಹೆಂಗಸು ಎಂದು ಊರಿನ ಮುದುಕರು ಮೆಚ್ಚಿಕೊಳ್ಳುತ್ತಿದ್ದರು. ಯೆನ್ಸಿನಾಳಿಗೆ ಅದರಲ್ಲಿ ಗಟ್ಟಿತನವೇನೂ ಕಾಣುತ್ತಿರಲಿಲ್ಲ. ಅಳು ಬರುತ್ತಿರಲಿಲ್ಲ, ಅಷ್ಟೆ.

ಡೆನ್ಮಾರ್ಕಿಗೆ ಸೇರಿದ ಫಾರೋ ದ್ವೀಪಗಳ ತೆಂಕಣ ತುದಿಯಲ್ಲಿರುವ ಆ ಊರಿನಲ್ಲಿ ಮಾಡಲು ಹೆಚ್ಚು ಬಗೆಯ ಕೆಲಸಗಳಿಲ್ಲ. ಯೆನ್ಸಿನಾ ಹುಡುಗಿಯಾಗಿದ್ದಾಗಲೇ ಮೀನಿನ ಕಾರ್ಖಾನೆ ಸೇರಿದಳು. ಬೆಲ್ಟಿನ ಮೇಲೆ ಸಾಗಿ ಬರುವ ಮೀನಿನ ಹೋಳುಗಳಿಂದ ಮುಳ್ಳು ಬಿಡಿಸುವುದು, ಅಂಚು ಕತ್ತರಿಸುವುದು. ರಬ್ಬರು ಕೈಗವಸಿನ ಒಳಗೂ ಬೆರಳುಗಳು ತಣ್ಣಗೆ ಮರಗಟ್ಟಿರುತ್ತಿದ್ದವು. ಸಂಜೆ ಮನೆಗೆ ಬಂದು ಬಿಸಿನೀರಿಗೆ ಕೈಯಿಟ್ಟಾಗ ಜುಮುಗುಟ್ಟಿ ನೋಯುತ್ತಿತ್ತು. ಆ ನೋವಿಗೆ ಹೆದರಿ ಹಳಬರೆಲ್ಲ ತಣ್ಣೀರಲ್ಲೇ ಕೈ ತೊಳೆಯುತ್ತಿದ್ದರು. ಅವಳೂ ಹಾಗೇ ಕಲಿತಳು.

ಮದುವೆಯಾದ ಮಾರನೆಯ ವರ್ಷ ಬೈಂಟಾ ಹುಟ್ಟಿದಳು. ದುಂಡಗಿನ, ಕಿರುಚುವ, ಹಾಲಿಗೆ ಬಾಯಿ ಬಿಡುವ ಮಗು. ತೊಂದರೆಯೇ ಇರಲಿಲ್ಲ. ಬೈಂಟಾಳಿಗೆ ಮೂರು ತುಂಬುವ ಮೊದಲು ಒಬ್ಬ ಗಂಡುಮಗ ಹುಟ್ಟಿದ. ಹುಟ್ಟುವಾಗಲೇ ಮೈ ಬಿಳಿಚಿ ಊದಿಕೊಂಡಿತ್ತು, ಕೆಲವು ಗಂಟೆಗಳಲ್ಲಿ ಅರಿಸಿನ ಹಚ್ಚಿದಂತೆ ಹಳದಿಯಾಯಿತು. ಪಾದ್ರಿಯನ್ನು ಕರೆಸಿ ಆಸ್ಪತ್ರೆಯ ಕೋಣೆಯಲ್ಲೇ ಹಾಂಸ್ ಎಂದು ಹೆಸರಿಟ್ಟರು. ಮಾರನೆಯ ಮಧ್ಯಾಹ್ನ ಹಾಂಸ್ ಹೋದ. ಮುಂದಿನದು ಹೆಣ್ಣು, ಏಳನೆಯ ತಿಂಗಳಲ್ಲಿ ಹೊಟ್ಟೆಯೊಳಗೇ ಸುಮ್ಮನಾಯಿತು. ಅದಕ್ಕೆ ಹೆಸರಿಡಲಿಲ್ಲ.

ವೈದ್ಯರು ರಕ್ತ ಹೊಂದಿಕೆಯಾಗದ ಹಾಗೆ ಕಾಣುತ್ತದೆ ಎಂದರು. ಆದರೆ ಆಗ ಗೊತ್ತಿದ್ದ ಗುಂಪುಗಳನ್ನೆಲ್ಲ ಪರೀಕ್ಷೆ ಮಾಡಿದರೂ ಯಾವುದು ಹೊಂದುತ್ತಿಲ್ಲ ಎಂಬುದು ತಿಳಿಯಲಿಲ್ಲ. ಅವಳ ತೋಳಿನಿಂದ ಒಂದಷ್ಟು ರಕ್ತ ತೆಗೆದು ಕೋಪನ್‌ಹೇಗನ್‌ಗೆ ಕಳಿಸಿದರು. ಅಲ್ಲಿಂದಲೂ ಉತ್ತರ ಬರಲಿಲ್ಲ. ಇನ್ನು ಮಕ್ಕಳು ಬೇಡ ಎಂದು ಮಾತ್ರ ಹೇಳಿ ಕಳಿಸಿದರು.

ಉತ್ತರ ಇಲ್ಲದ ಕಡೆ ಜನ ತಾವೇ ಒಂದು ಉತ್ತರ ಹುಡುಕಿಕೊಂಡರು. ಅತ್ತೆ ಸನ್ನಾ ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಯೆನ್ಸಿನಾಳ ಎದುರಿಗೇ ಹೇಳುತ್ತಿದ್ದಳು: "ತುಂಬಿದ ಬಸುರಿ ಕುರಿ ಕೊಯ್ಯೋ ಜಾಗಕ್ಕೆ ಹೋಗಿ ರಕ್ತದ ಬೋಗುಣಿ ಹಿಡಕೊಂಡು ನಿಂತಿದ್ಲು. ಬೇಡ ಅಂತ ನಾನೆಷ್ಟು ಬಡಕೊಂಡೆ. ಕೇಳಿದ್ಲಾ?"

ಯೆನ್ಸಿನಾ ಬೋಗುಣಿ ಹಿಡಿದದ್ದು ನಿಜ. ಹಾಂಸ್ ಹೊಟ್ಟೆಯಲ್ಲಿದ್ದ ಅಕ್ಟೋಬರಿನಲ್ಲಿ ಕೈ ಸಾಲದೆ ಅವಳ ತಮ್ಮ ದಾನ್ಯಾಲ್ ಕರೆದಿದ್ದ. ಅವಳು ಅತ್ತೆಗೆ ಎದುರು ಮಾತಾಡಲಿಲ್ಲ. ಅದೇ ಇರಬಹುದೇನೋ ಎಂದು ಅವಳಿಗೂ ಅನ್ನಿಸಿತ್ತು. ಮೀನಿನ ಕಾರ್ಖಾನೆಯ ಚಳಿ ಇರಬಹುದು, ಎತ್ತಿದ ಪೆಟ್ಟಿಗೆಗಳಿರಬಹುದು ಎಂದೂ ಅನ್ನಿಸುತ್ತಿತ್ತು. ಒಂದೊಂದು ಚಳಿಗಾಲ ಒಂದೊಂದನ್ನು ನಂಬಿದಳು. ಆಮೇಲೆ ಯೋಚಿಸುವುದನ್ನೇ ಬಿಟ್ಟಳು.

ಹೆಣ್ಣುಮಗು ಹೋದ ವರ್ಷವೇ ದ್ವೀಪಗಳಲ್ಲಿ ಬ್ಯಾಂಕುಗಳು ಬಿದ್ದು, ಕಾರ್ಖಾನೆ ಬಾಗಿಲು ಹಾಕಿ, ಅರ್ಧ ಊರು ಪೆಟ್ಟಿಗೆ ಕಟ್ಟಿಕೊಂಡು ಡೆನ್ಮಾರ್ಕಿನ ಹಡಗು ಹತ್ತಿತು. ಯೆನ್ಸಿನಾ ಹೊರಡಲಿಲ್ಲ. ಹೊರಡಲು ಬೇಕಾದ ಮನಸ್ಸಾಗಲಿ, ಉಳಿಯಲು ಬೇಕಾದ ಮನಸ್ಸಾಗಲಿ ಅವಳಲ್ಲಿರಲಿಲ್ಲ. ತುಮ್ಮಾಸ್ ದೂರದ ಹಡಗಿಗೆ ಮೀನು ಹಿಡಿಯಲು ಹೋದ. ತಿಂಗಳುಗಟ್ಟಲೆ ಕಡಲಲ್ಲಿದ್ದು ಬಂದವನು ಮನೆಯಲ್ಲಿ ನೆಂಟನಂತೆ ಕೂರುತ್ತಿದ್ದ. ಜಗಳವಾಗಲಿಲ್ಲ. ಒಂದು ವಸಂತದಲ್ಲಿ ಅವನು, "ಕೆಳಗಿನ ಮನೆ ಖಾಲಿ ಇದೆ, ನಾನಲ್ಲಿ ಇರ್ತೀನಿ" ಎಂದ. "ಆಗಲಿ" ಎಂದಳು. ಅಲ್ಲಿಂದೀಚೆಗೆ ಊರಿನ ಒಂದೇ ರಸ್ತೆಯಲ್ಲಿ ದಿನಾ ಎದುರಾದಾಗ ಇಬ್ಬರೂ ತಲೆಯಾಡಿಸುತ್ತಿದ್ದರು.

ಕಾರ್ಖಾನೆ ಮತ್ತೆ ತೆರೆಯಿತು. ಬೈಂಟಾ ಬೆಳೆದು ಟೋರ್ಸ್‌ಹಾವ್ನ್‌ಗೆ ಹೋಗಿ ಶಿಶುವಿಹಾರದಲ್ಲಿ ಕೆಲಸಕ್ಕೆ ಸೇರಿದಳು. ಅತ್ತೆ ಸನ್ನಾ ತೀರಿಕೊಂಡಳು. ಯೆನ್ಸಿನಾಳಿಗೆ ಐವತ್ತೇಳಾಯಿತು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ರನ್ವಾ ಎಂಬ ಹುಡುಗಿಯ ಫೋನು ಬಂತು. ಅವಳು ಟೋರ್ಸ್‌ಹಾವ್ನ್‌ನವಳು, ಕೋಪನ್‌ಹೇಗನ್ನಿನ ಒಂದು ಪ್ರಯೋಗಾಲಯದಲ್ಲಿ ರಕ್ತದ ಮೇಲೆ ಸಂಶೋಧನೆ ಮಾಡುವವಳು. ಫೋನಿನಲ್ಲಿ ಹೇಳುವ ವಿಷಯವಲ್ಲ, ಮನೆಗೇ ಬರುತ್ತೇನೆ, ಮನೆಯವರು ಯಾರಾದರೂ ಜೊತೆಗಿದ್ದರೆ ಒಳ್ಳೆಯದು ಎಂದಳು. ಯೆನ್ಸಿನಾ ಬೈಂಟಾಳನ್ನು ಕರೆಸಿದಳು. ಬೈಂಟಾ, ರನ್ವಾ ಇಬ್ಬರೂ ಒಂದೇ ಹಡಗಿನಲ್ಲಿ ಬಂದಿಳಿದರು. ಒಬ್ಬರಿಗೊಬ್ಬರು ಯಾರೆಂದು ತಿಳಿಯದೆ ಹಡಗಿನ ಹೋಟೆಲಿನಲ್ಲಿ ಒಂದೇ ಮೇಜಿಗೆ ಕೂತು ಹವಾಮಾನ ಮಾತಾಡಿದ್ದರಂತೆ.

ಅಡುಗೆಮನೆಯಲ್ಲಿ ಕಾಫಿ ಬಗ್ಗಿಸಿ, ರೂಬಾರ್ಬ್ ಕೇಕು ಕತ್ತರಿಸಿಟ್ಟು ಯೆನ್ಸಿನಾ ಎದುರಿಗೆ ಕೂತಳು. ರನ್ವಾಳಿಗೆ ಮೂವತ್ತು ದಾಟಿರಬಹುದು. ಮೇಜಿನ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ನೀವು ಕೊಟ್ಟ ರಕ್ತ ನಮ್ಮ ಹತ್ರ ಇನ್ನೂ ಇದೆ" ಎಂದಳು. "ಫ್ರೀಜರಿನಲ್ಲಿಟ್ಟಿದ್ರು. ನಮ್ಮ ಹಳೇ ಪ್ರೊಫೆಸರು ನಿವೃತ್ತಿ ಆಗೋವಾಗ ಒಂದು ಪೆಟ್ಟಿಗೆ ತೋರಿಸಿ, ಇವು ನನಗೆ ಬಗೆಹರೀಲಿಲ್ಲ, ನಿಮಗಾದ್ರೂ ಆಗ್ಲಿ ಅಂದ್ರು. ಈಗ ವಂಶವಾಹಿಗಳನ್ನ ಪೂರ್ತಿ ಓದೋಕೆ ಬರುತ್ತೆ. ಆಗ ಬರ್ತಿರ್ಲಿಲ್ಲ."

"ಓದಿದ್ರಾ?" ಎಂದು ಬೈಂಟಾ ಕೇಳಿದಳು.

"ಓದಿದ್ವಿ." ರನ್ವಾ ಯೆನ್ಸಿನಾಳ ಕಡೆಗೇ ತಿರುಗಿದಳು. "ಅಮ್ಮಾ, ಕುರಿಗಳ ಕಿವಿ ಕತ್ತರಿಸಿ ಗುರುತು ಮಾಡ್ತೀವಲ್ಲ, ಇದು ನನ್ನದು, ಇದು ಪಕ್ಕದ ಮನೆಯವರದು ಅಂತ. ರಕ್ತದ ಕಣಗಳ ಮೇಲೂ ಹಂಗೇ ತುಂಬ ಗುರುತುಗಳಿರುತ್ತೆ. ಅದರಲ್ಲೊಂದು ಎಲ್ಲಾ ಮನುಷ್ಯರಲ್ಲೂ ಇರುತ್ತೆ. ಎಲ್ಲರಲ್ಲೂ ಇರೋದ್ರಿಂದಾನೇ ಅಂಥದ್ದೊಂದು ಇದೆ ಅಂತ ಯಾರಿಗೂ ಗೊತ್ತಾಗಿರ್ಲಿಲ್ಲ. ನಿಮ್ಮಲ್ಲಿ ಅದು ಇಲ್ಲ."

"ಇಲ್ಲದಿದ್ರೆ ಏನು?"

"ನಿಮಗೇನೂ ಇಲ್ಲ. ನೂರು ವರ್ಷ ಬದುಕಬಹುದು. ಆದ್ರೆ ಮಕ್ಕಳಿಗೆ ಅಪ್ಪನಿಂದ ಆ ಗುರುತು ಬರುತ್ತೆ. ಮೊದಲನೇ ಮಗು ಹುಟ್ಟುವಾಗ ಅದರ ರಕ್ತ ನಿಮ್ಮ ಮೈಗೆ ಸ್ವಲ್ಪ ಸೇರಿದೆ. ನಿಮ್ಮ ಮೈ ಅದನ್ನ ನೋಡಿ, ಇದು ಹೊರಗಿನದು ಅಂದುಕೊಂಡಿದೆ. ಆಮೇಲೆ ಬಂದ ಮಕ್ಕಳ ರಕ್ತಾನ..." ಅವಳು ನಿಲ್ಲಿಸಿದಳು.

"ಕೊಂದುಹಾಕ್ತು" ಎಂದಳು ಯೆನ್ಸಿನಾ.

"ನೀವಲ್ಲ ಅಮ್ಮಾ. ನೀವೇನೂ ಮಾಡ್ಲಿಲ್ಲ. ಮಾಡೋಕೂ ಏನಿರ್ಲಿಲ್ಲ. ಅದನ್ನ ಹೇಳೋಕೇ ನಾನು ಬಂದಿದ್ದು."

ಯೆನ್ಸಿನಾ ತಲೆಯಾಡಿಸಿದಳು. ಕುರಿ ಕೊಯ್ಯುವ ಜಾಗ, ಬೋಗುಣಿ, ಕಾರ್ಖಾನೆಯ ಚಳಿ, ಪೆಟ್ಟಿಗೆಗಳು, ಎಲ್ಲವೂ ಒಂದೊಂದಾಗಿ ನೆನಪಿಗೆ ಬಂದವು. ಯಾವುದೂ ಅಲ್ಲ ಎಂದಾಯಿತು. ಎದೆಯಿಂದ ಒಂದು ಕಲ್ಲು ಎತ್ತಿಟ್ಟಂತಾಗಬೇಕಿತ್ತು ಎಂದು ಅವಳಿಗೂ ಗೊತ್ತಿತ್ತು. ಕಾದಳು. ಅಂಥದ್ದೇನೂ ಆಗಲಿಲ್ಲ. ಗೋಡೆಯ ಗಡಿಯಾರ ನೋಡಿದಳು. ಬೈಂಟಾ ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕುತ್ತಿದ್ದಳು. ರನ್ವಾಳ ಕಣ್ಣೂ ಒದ್ದೆಯಾಗಿತ್ತು.

"ಹಾಗಾ" ಎಂದಳು ಯೆನ್ಸಿನಾ. "ಸರಿ. ಇಷ್ಟು ದೂರ ಬಂದು ಹೇಳಿದೆಯಲ್ಲ, ಉಪಕಾರವಾಯ್ತು. ಕೇಕು ತಗೋ, ತಣ್ಣಗಾಗೋ ವಸ್ತುವೇನಲ್ಲ, ಆದ್ರೂ ತಗೋ."

ರನ್ವಾ ಹೊಸದಾಗಿ ರಕ್ತ ತೆಗೆದುಕೊಂಡಳು. ಹೊರಡುವಾಗ ಬಾಗಿಲಲ್ಲಿ ನಿಂತು, ಹೊಸ ರಕ್ತದ ಗುಂಪಿಗೆ ಹೆಸರಿಡಬೇಕಾಗುತ್ತದೆ, ಸಿಕ್ಕಿದ ಮೊದಲ ವ್ಯಕ್ತಿಯ ಹೆಸರಿನ ಅಕ್ಷರಗಳನ್ನು ಬಳಸುವುದುಂಟು, ತಾವು ಒಪ್ಪುತ್ತೀರಾ ಎಂದು ಕೇಳಿದಳು.

"ಬೇಡ" ಎಂದಳು ಯೆನ್ಸಿನಾ.

"ಮಗುವಿನ ಹೆಸರಾದ್ರೂ? ಹಾಂಸ್ ಅಂತ..."

"ಅದಂತೂ ಬೇಡವೇ ಬೇಡ. ಏನಾದರೂ ಒಂದು ನಂಬರು ಕೊಡು."

ಅಂಗಡಿಯ ಮಾರ್ಗಾ ಮಾರನೆಯ ಬೆಳಿಗ್ಗೆಯೇ ಬ್ರೆಡ್ಡು ಕಟ್ಟಿಕೊಡುತ್ತಾ, "ಏನೇ ಯೆನ್ಸಿನಾ, ಪ್ರಪಂಚದಲ್ಲಿ ಯಾರಿಗೂ ಇಲ್ಲದ ರಕ್ತ ನಿನಗಿದೆಯಂತೆ. ಇನ್ನು ನಮ್ಮ ಜೊತೆ ಮಾತಾಡ್ತೀಯೋ ಇಲ್ವೋ?" ಎಂದಳು.

"ಇರೋದಲ್ಲ, ಇಲ್ಲದಿರೋದು" ಎಂದು ಯೆನ್ಸಿನಾ ತಿದ್ದಿದಳು. "ಬೆಣ್ಣೇನೂ ಕೊಡು."

ಮಾರ್ಗಾ ಬೆಣ್ಣೆ ಕೊಟ್ಟು, ಹೇಳಿದಳು: "ಸನ್ನಾ ಇದ್ದಿದ್ರೆ ಕೇಳಿಸಬೇಕಿತ್ತು ಕಣೇ."

"ಇದ್ದಿದ್ರೂ ನಂಬ್ತಿರ್ಲಿಲ್ಲ ಬಿಡು" ಎಂದಳು ಯೆನ್ಸಿನಾ.

ಅಂಗಡಿಗೆ ಮುಟ್ಟಿದ ಸುದ್ದಿ ದೋಣಿಮನೆಗೆ ಮುಟ್ಟಲು ಹೊತ್ತೇನೂ ಬೇಕಿರಲಿಲ್ಲ. ತುಮ್ಮಾಸ್‌ಗೆ ಬೇರೆಯವರ ಬಾಯಿಂದ ತಿಳಿಯುವುದು ಸರಿಯಲ್ಲ ಎನ್ನಿಸಿ ಅವಳು ಬ್ರೆಡ್ಡಿನ ಚೀಲ ಹಿಡಿದುಕೊಂಡೇ ಇಳಿಜಾರು ಇಳಿದಳು. ಅವನು ದೋಣಿಮನೆಯ ಬಾಗಿಲು ತೆರೆದಿಟ್ಟು ದೋಣಿಯನ್ನು ಮಗುಚಿ ಹಲಗೆ ಉಜ್ಜುತ್ತಿದ್ದ. ಅವಳು ಒಳಗೆ ಬಂದದ್ದು ಕಂಡು ಟೋಪಿ ತೆಗೆದ. ಆ ಜಾಗಕ್ಕೆ ಅವಳು ಬಂದು ವರ್ಷಗಳಾಗಿದ್ದವು.

ನಿಂತೇ ಎಲ್ಲವನ್ನೂ ಹೇಳಿದಳು. ಕುರಿಯ ಕಿವಿಯ ಹೋಲಿಕೆಯನ್ನೂ ಹೇಳಿದಳು. ತುಮ್ಮಾಸ್ ಕೇಳುತ್ತಾ ಕೇಳುತ್ತಾ ದೋಣಿಯ ಬೆನ್ನಿಗೆ ಒರಗಿದ.

"ಹಾಗಾದ್ರೆ ಬಣ್ಣದಿಂದ ಅಲ್ಲ" ಎಂದ.

"ಯಾವ ಬಣ್ಣ?"

"ಆ ಎರಡು ಚಳಿಗಾಲಾನೂ ನಾನು ಮನೆ ನೆಲಮಾಳಿಗೇಲಿ ದೋಣಿಗೆ ಬಣ್ಣ ಹೊಡೀತಿದ್ದೆ. ಹಡಗಿನ ತಳಕ್ಕೆ ಹಚ್ಚೋದು, ಕೆಟ್ಟ ವಾಸನೆ. ನೀನು ಮೇಲೆ ಮಲಗಿರ್ತಿದ್ದೆ. ತಲೆ ನೋಯುತ್ತೆ ಅಂದಿದ್ದೆ ಒಂದ್ಸಲ. ನೆನಪಿಲ್ವಾ?"

ಅವಳಿಗೆ ನೆನಪಿರಲಿಲ್ಲ.

"ಹಡಗಲ್ಲಿ ಒಬ್ಬ ಹೇಳಿದ್ದ, ಆ ಬಣ್ಣ ತಳಕ್ಕೆ ಅಂಟೋ ಕಪ್ಪೆಚಿಪ್ಪನ್ನೇ ಕೊಲ್ಲೋಕೆ ಮಾಡಿರೋದು, ಬಸುರಿಯರ ಹತ್ರ ಇಡಬಾರದು ಅಂತ. ಆಮೇಲೆ ನಿನ್ನ ಮುಖ ನೋಡೋಕೆ ಆಗ್ಲಿಲ್ಲ ನನಗೆ."

"ಅದಕ್ಕಾ ಕೆಳಗೆ ಬಂದಿದ್ದು?"

"ಅದಕ್ಕೇ."

"ನನಗೆ ಹೇಳಬಹುದಿತ್ತು."

"ಏನಂತ? ನಿನ್ನ ಮಕ್ಕಳನ್ನ ನಾನೇ ಕೊಂದೆ ಅಂತ ಹೇಳ್ಲಾ?"

ತುಮ್ಮಾಸ್ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡ. ಭುಜಗಳು ಅಲುಗುತ್ತಿದ್ದವು. ಅವಳು ನೋಡುತ್ತಾ ನಿಂತಳು. ಇಷ್ಟು ವರ್ಷ ಇಬ್ಬರೂ ತಲೆಯಾಡಿಸಿಕೊಂಡು ಒಬ್ಬರನ್ನೊಬ್ಬರು ಹಾದುಹೋಗಿದ್ದು ಒಂದು ಡಬ್ಬಿ ಬಣ್ಣ, ಒಂದು ಬೋಗುಣಿ ರಕ್ತಕ್ಕಾಗಿ. ಇಂಥ ಹೊತ್ತಿನಲ್ಲಿ ಜನ ಏನು ಮಾಡುತ್ತಾರೋ ಅದನ್ನು ತಾನೂ ಮಾಡಬೇಕು ಎಂದುಕೊಂಡು ಅವನ ತೋಳಿನ ಮೇಲೆ ಕೈಯಿಟ್ಟಳು. ಸ್ವೆಟರಿನ ಉಣ್ಣೆ ಮರದ ಪುಡಿಯಿಂದ ಒರಟಾಗಿತ್ತು. ಕೈ ಎಷ್ಟು ಹೊತ್ತು ಇಡಬೇಕೆಂದು ತಿಳಿಯಲಿಲ್ಲ.

"ನಿಂಗೇನೂ ಅನ್ನಿಸ್ತಿಲ್ವಾ ಯೆನ್ಸಿನಾ?" ಎಂದು ಅವನು ಟೋಪಿಯ ಹಿಂದಿನಿಂದ ಕೇಳಿದ.

"ಅನ್ನಿಸಬಹುದು ಅಂತ ನಿನ್ನೆಯಿಂದ ಕಾಯ್ತಾ ಇದೀನಿ" ಎಂದಳು. ಬ್ರೆಡ್ಡಿನಲ್ಲಿ ಅರ್ಧ ಅವನಿಗೆ ಮುರಿದುಕೊಟ್ಟು ಮನೆಗೆ ಹತ್ತಿದಳು.

ರನ್ವಾ ಹೇಳಿದ ಪ್ರಕಾರ ಒಡಹುಟ್ಟಿದವರಲ್ಲೂ ಅದೇ ರಕ್ತ ಇರುವ ಸಂಭವವಿತ್ತು. ದಾನ್ಯಾಲ್‌ಗೆ ಫೋನು ಹೋಯಿತು. ಅವನು ಊರಿನ ಆಚೆ ಬದಿಯ ಗುಡ್ಡದಲ್ಲಿ ಕುರಿ ಸಾಕಿಕೊಂಡಿದ್ದವನು, ಬಾಯಿ ದೊಡ್ಡದು. ಆಸ್ಪತ್ರೆಯಲ್ಲಿ ತೋಳು ಚಾಚಿ ಕೂತು, "ಸಾವಿರ ಕುರಿ ಕೊಯ್ದಿದೀನಿ ಕಣಮ್ಮಾ, ಸೂಜಿಗೆಲ್ಲ ಹೆದರೋನಲ್ಲ" ಎಂದು ನರ್ಸಿಗೆ ಹೇಳುತ್ತಿದ್ದಂತೆ ಕಣ್ಣು ತಿರುಗಿ ಕುರ್ಚಿಯಿಂದ ಜಾರಿದ. ಎಚ್ಚರವಾದಾಗ ಅಕ್ಕ ಅವನ ಕಾಲು ಎತ್ತಿ ಹಿಡಿದಿದ್ದಳು.

"ಯಾರಿಗೂ ಹೇಳ್ಬೇಡ ಅಕ್ಕ."

"ನಾನು ಹೇಳಲ್ಲ. ನರ್ಸು ಮಾರ್ಗಾಳ ಸೊಸೆ."

ದಾನ್ಯಾಲ್‌ಗೂ ಆ ಗುರುತಿರಲಿಲ್ಲ. ಸುದ್ದಿ ಬಂದ ಮೇಲೆ ಅವನು ವಾರಗಟ್ಟಲೆ, "ನಮ್ಮ ರಕ್ತ ಬಂಗಾರ ಕಣೇ ಅಕ್ಕ" ಎಂದು ಹೇಳಿಕೊಂಡು ತಿರುಗಿದ. ಆದರೆ ಅವನ ಹೃದಯಕ್ಕೆ ಆಗಲೇ ಎರಡು ಕಡೆ ಸ್ಟೆಂಟು ಹಾಕಿದ್ದರು, ಗುಳಿಗೆ ನುಂಗುತ್ತಿದ್ದ. ಅವನಿಂದ ರಕ್ತ ತೆಗೆಯುವ ಹಾಗಿಲ್ಲ ಎಂದು ವೈದ್ಯರು ಹೇಳಿದಾಗ ಅವನ ಮುಖ ಬಾಡಿತು. ಒಳಗೊಳಗೇ ನೆಮ್ಮದಿಯೂ ಆಯಿತೆಂದು ಅಕ್ಕನಿಗೆ ಕಂಡಿತು.

ಫೆಬ್ರವರಿಯಲ್ಲಿ ರನ್ವಾ ಮತ್ತೆ ಫೋನು ಮಾಡಿದಳು. ಈ ಸಲ ಅವಳ ದನಿ ಅವಸರದಲ್ಲಿತ್ತು. ಹುಡುಕಾಟದಲ್ಲಿ ಟೋರ್ಸ್‌ಹಾವ್ನ್‌ನ ಒಬ್ಬ ಹೆಂಗಸು ಸಿಕ್ಕಿದ್ದಳು, ಹೆಸರು ದುರಿಟಾ. ಯೆನ್ಸಿನಾಳದೇ ರಕ್ತ. ಎರಡನೆಯ ಸಲ ಬಸುರಿ, ಐದು ತಿಂಗಳು. ಹೊಟ್ಟೆಯೊಳಗಿನ ಮಗುವಿನ ರಕ್ತ ಆಗಲೇ ಕರಗತೊಡಗಿತ್ತು.

"ಹೊಟ್ಟೆಯೊಳಗೇ ಮಗುವಿಗೆ ರಕ್ತ ಕೊಡಬಹುದು" ಎಂದು ರನ್ವಾ ವಿವರಿಸಿದಳು. "ಹೊಕ್ಕುಳ ಬಳ್ಳಿಗೆ ಸೂಜಿ ಹಾಕಿ. ಆದ್ರೆ ಬೇರೆ ಯಾರ ರಕ್ತ ಕೊಟ್ರೂ ತಾಯಿ ಮೈ ಅದನ್ನೂ ಒಡೆದುಹಾಕುತ್ತೆ. ಆ ಗುರುತು ಇಲ್ಲದ ರಕ್ತಾನೇ ಬೇಕು. ತಾಯಿಯದನ್ನೇ ತೆಗೆಯೋಣ ಅಂದ್ರೆ ಅವಳಿಗೇ ರಕ್ತ ಕಮ್ಮಿ. ಈಗ ನಮಗೆ ಗೊತ್ತಿರೋ ಹಾಗೆ ಕೊಡಬಹುದಾದವರು ನೀವೊಬ್ಬರೇ."

"ನನ್ನದು ಕೆಟ್ಟದಲ್ವಾ? ಅದರಲ್ಲಿ ಆ ಕೊಲ್ಲೋ ಗುಣ ಇದೆಯಲ್ಲ."

"ಅದು ನೀರಿನ ಭಾಗದಲ್ಲಿರೋದು. ಕಣಗಳನ್ನ ತೊಳೆದು ಕೊಡ್ತೀವಿ. ಕಣಗಳು ಚೊಕ್ಕಟವಾಗಿವೆ."

ಯೆನ್ಸಿನಾ ಕಾರ್ಖಾನೆಗೆ ರಜೆ ಹೇಳಿ ಹಡಗು ಹತ್ತಿದಳು. ಟೋರ್ಸ್‌ಹಾವ್ನ್‌ನಲ್ಲಿ ರಕ್ತ ಕೊಟ್ಟಳು. ಚೀಲವನ್ನು ವಿಮಾನದಲ್ಲಿ ಕೋಪನ್‌ಹೇಗನ್‌ಗೆ ಕಳಿಸಿದರು, ದುರಿಟಾ ಆಗಲೇ ಅಲ್ಲಿ ದಾಖಲಾಗಿದ್ದಳು. ಯಾರು ಕೊಟ್ಟರೆಂದು ಹೇಳುವ ಹಾಗಿರಲಿಲ್ಲ, ಆದರೆ ಈ ದ್ವೀಪಗಳಲ್ಲಿ ಅಂಥ ಗುಟ್ಟು ಎಷ್ಟು ದಿನ ನಿಂತೀತು. ಬೈಂಟಾಳ ಮನೆಯಲ್ಲಿ ಎರಡು ದಿನ ಉಳಿದು ವಾಪಸು ಬರುವಾಗ ಹಡಗುಕಟ್ಟೆಯ ಕಾಯುವ ಕೋಣೆಯಲ್ಲಿ ಅವಳದೇ ವಯಸ್ಸಿನ ಒಬ್ಬಳು ಬಂದು ಎದುರು ನಿಂತಳು. ದುರಿಟಾಳ ತಾಯಿ. ಯೆನ್ಸಿನಾಳ ಎರಡೂ ಕೈ ಹಿಡಿದುಕೊಂಡಳು.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ಸೂಜಿ ಹಾಕಿದ ಮೇಲೆ ಮಗು ಒದೀತಾ ಇದೆಯಂತೆ. ಎರಡು ದಿನದಿಂದ ಅಲ್ಲಾಡಿರ್ಲಿಲ್ಲ. ಈಗ ಒದೀತಿದೆಯಂತೆ."

"ಒಳ್ಳೇದು" ಎಂದಳು ಯೆನ್ಸಿನಾ. ಕೈ ಬಿಡಿಸಿಕೊಂಡಳು.

ಹಡಗು ಹೊರಟ ಮೇಲೆ ಕಿಟಕಿಯ ಪಕ್ಕ ಕೂತಳು. ಒದೀತಿದೆಯಂತೆ ಎನ್ನುವ ಮಾತು ಎಲ್ಲೋ ಸಿಕ್ಕಿಕೊಂಡಿತ್ತು. ಹೆಣ್ಣುಮಗು ಒದೆಯುವುದನ್ನು ನಿಲ್ಲಿಸಿದ ದಿನ ತಾನು ಬಟ್ಟೆ ಒಗೆಯುತ್ತಿದ್ದೆ, ಮಲಗಿರಬೇಕು ಎಂದುಕೊಂಡು ಒಗೆದು ಮುಗಿಸಿ ಹರವಿದ್ದೆ ಎಂಬುದು ನೆನಪಾಯಿತು. ಎದುರಿನ ಸೀಟಿನಲ್ಲಿ ಒಬ್ಬ ಹುಡುಗಿ ಆಲೂಗಡ್ಡೆ ಚಿಪ್ಸು ತಿನ್ನುತ್ತಿದ್ದಳು. ಯೆನ್ಸಿನಾ ಮುಖವನ್ನು ಕಿಟಕಿಗೆ ತಿರುಗಿಸಿದಳು. ದುರಿಟಾಳ ಮಗು ಮಾತ್ರ ಯಾಕೆ ಉಳಿಯಬೇಕು ಎನ್ನಿಸಿತು. ಆ ತಾಯಿಯ ಬಿಸಿ ಕೈಗಳು, ಅವಳ ದೇವರು, ಅವಳ ಮೊಮ್ಮಗು, ಯಾವುದೂ ಸಹಿಸಲಾಗಲಿಲ್ಲ. ಇದು ಹೊಟ್ಟೆಕಿಚ್ಚು ಎಂದು ಅವಳಿಗೆ ಗುರುತು ಸಿಕ್ಕಿತು. ನಾಚಿಕೆಯಾಗಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷದ ಮೇಲೆ ಒಳಗೆ ಏನೋ ಒಂದು ಅಲುಗಿತಲ್ಲ ಎಂಬ ಆಶ್ಚರ್ಯವೇ ಆಯಿತು. ಊರಿಗೆ ಇಳಿಯುವ ಹೊತ್ತಿಗೆ ಅದೂ ತಣ್ಣಗಾಗಿತ್ತು.

ಒಂದು ಸಲ ಕೊಟ್ಟರೆ ಮುಗಿಯುವ ಕೆಲಸವಲ್ಲ ಅದು. ಕೆಲವು ವಾರಗಳ ಮೇಲೆ ಮತ್ತೆ ಬೇಕಾಯಿತು. ಅವಳ ರಕ್ತ ಪರೀಕ್ಷೆ ಮಾಡಿದ ವೈದ್ಯರು ಇನ್ನೊಂದು ಸಲ ತೆಗೆಯಬಹುದು ಎಂದಿದ್ದರು. ರನ್ವಾ ಫೋನು ಮಾಡಿದಳು.

"ನೋಡ್ತೀನಿ" ಎಂದಳು ಯೆನ್ಸಿನಾ.

"ಅಮ್ಮಾ, ಗುರುವಾರದೊಳಗೆ..."

"ನೋಡ್ತೀನಿ ಅಂದ್ನಲ್ಲ." ಫೋನು ಇಟ್ಟಳು.

ರನ್ವಾ ತಿಳಿಸಿರಬೇಕು, ಅವತ್ತು ಮಧ್ಯಾಹ್ನ ಬೈಂಟಾ ಫೋನು ಮಾಡಿದಳು, ಯೆನ್ಸಿನಾ ಎತ್ತಲಿಲ್ಲ. ಮನೆಯ ಹಿಂದಿನ ಕುರಿ ಕೊಟ್ಟಿಗೆಗೆ ಹೋಗಿ ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು. ಬೈಂಟಾ ಗಾಬರಿಯಾಗಿ ಅಪ್ಪನಿಗೆ ಹೇಳಿದಳೆಂದು ಕಾಣುತ್ತದೆ. ತುಮ್ಮಾಸ್ ಇಳಿಜಾರು ಹತ್ತಿ ಬಂದು ಕೊಟ್ಟಿಗೆಯ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತ.

"ಹೋಗಲ್ಲಾಂದ್ಯಂತೆ."

"ಹೋಗಲ್ಲ ಅಂದಿಲ್ಲ. ನೋಡ್ತೀನಿ ಅಂದಿದೀನಿ."

"ನೋಡೋಕೇನಿದೆ ಅದರಲ್ಲಿ?"

ಯೆನ್ಸಿನಾ ಪೊರಕೆಯನ್ನು ಗೋಡೆಗೆ ಒರಗಿಸಿದಳು. "ನಮ್ಮದಕ್ಕೆ ಯಾರೂ ಕೊಡ್ಲಿಲ್ಲ" ಎಂದಳು.

"ಕೊಡೋಕೆ ಯಾರಿದ್ರು ಆಗ? ಗೊತ್ತೇ ಇರ್ಲಿಲ್ಲ."

"ನಾನಿದ್ದೆ."

ತುಮ್ಮಾಸ್‌ಗೆ ಅರ್ಥವಾಗಲಿಲ್ಲ.

"ನಾನಿದ್ದೆ ತುಮ್ಮಾಸ್. ನನ್ನ ರಕ್ತಾನೇ ಹಾಂಸ್‌ಗೆ ಹೊಂದ್ತಿತ್ತು. ತೊಳೆದು ಕೊಟ್ಟಿದ್ರೆ ಸಾಕಿತ್ತು. ಮಂಚದ ಮೇಲೆ ಅವನ ಪಕ್ಕದಲ್ಲೇ ಮಲಗಿದ್ನಲ್ಲ ನಾನು. ಅಷ್ಟು ಹತ್ರ."

ಅವಳು ಗೋಡೆ ನೋಡುತ್ತಾ ಇನ್ನೂ ಏನೋ ಹೇಳಲು ಹೋದಳು. ಉಸಿರು ಎರಡು ಸಲ ತಪ್ಪಿತು, ಕೆಟ್ಟ ಕೆಮ್ಮಿನ ಹಾಗೆ. ಕಣ್ಣು ಒಣಗಿಯೇ ಇತ್ತು. ತುಮ್ಮಾಸ್ ಮೂಲೆಯಲ್ಲಿದ್ದ ಹುಲ್ಲಿನ ಹೊರೆ ತಂದು ಹಾಕಿ ಅದರ ಮೇಲೆ ಕೂತ. ಅವಳೂ ಬಂದು ಇನ್ನೊಂದು ತುದಿಯಲ್ಲಿ ಕೂತಳು. ಕುರಿಗಳು ಇಬ್ಬರನ್ನೂ ನೋಡಿ ಮತ್ತೆ ಹುಲ್ಲು ಮೆಲ್ಲತೊಡಗಿದವು.

"ನಾನೂ ಬರ್ತೀನಿ ಹಡಗಿಗೆ" ಎಂದ ತುಮ್ಮಾಸ್ ಕೊನೆಗೆ. "ಒಬ್ಬಳೇ ಹೋಗೋದು ಬೇಡ."

"ನಿಂಗೆ ಹಡಗಿನ ಕಾಫಿ ಆಗಲ್ಲ."

"ಥರ್ಮಾಸು ತಗೊಂಡು ಬರ್ತೀನಿ."

ಬುಧವಾರ ಇಬ್ಬರೂ ಹೋದರು. ನರ್ಸು ಸೂಜಿ ಹಾಕುವಾಗ ತುಮ್ಮಾಸ್ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಚೀಲ ತುಂಬುವುದನ್ನು ಯೆನ್ಸಿನಾ ನೋಡುತ್ತಿದ್ದಳು. ಕಪ್ಪುಗೆಂಪು, ಬೇರೆಯವರದರ ಹಾಗೇ. ಮೂರನೆಯ ಸಲಕ್ಕೆ ಅವಳ ಅಗತ್ಯ ಬೀಳಲಿಲ್ಲ. ಅಷ್ಟರಲ್ಲಿ ರನ್ವಾಳ ತಂಡಕ್ಕೆ ನಾರ್ವೆಯ ಕರಾವಳಿಯಲ್ಲಿ ಅದೇ ರಕ್ತದ ಒಬ್ಬ ಬಡಗಿ ಸಿಕ್ಕಿದ್ದ.

ಮಗು ದಿನ ತುಂಬುವ ಮೊದಲೇ ಮೇ ತಿಂಗಳಲ್ಲಿ ಹುಟ್ಟಿತು. ಗಂಡು. ಹಳದಿ ಹೋಗುವವರೆಗೆ ನೀಲಿ ದೀಪದ ಕೆಳಗೆ ಮಲಗಿಸಿದರು, ರಕ್ತ ಬದಲಿಸಿದರು. ಉಳಿಯಿತು. ಕಾರ್ಖಾನೆಯ ಕಾಫಿ ಬಿಡುವಿನಲ್ಲಿ ರನ್ವಾ ಫೋನಿನಲ್ಲಿ ಇದನ್ನೆಲ್ಲ ಹೇಳಿದಳು. ಸಂಶೋಧನೆಯೂ ಅಷ್ಟರಲ್ಲಿ ಪ್ರಕಟವಾಗಿತ್ತು. ಹೊಸ ಗುಂಪಿಗೆ ಒಂದು ನಂಬರು, ಮೂರು ಅಕ್ಷರ. ಪತ್ರಿಕೆಗಳು ತೆಂಕಣ ದ್ವೀಪದ ಒಬ್ಬ ಮಹಿಳೆ ಎಂದಷ್ಟೇ ಬರೆದವು.

"ಕೇಳಿಸ್ತಾ ಇದೆಯಾ ಅಮ್ಮಾ?"

"ಕೇಳಿಸ್ತು. ಒಳ್ಳೇದಾಯ್ತು. ಗಂಟೆ ಹೊಡೀತು, ಹೋಗ್ಬೇಕು."

ಬೆಲ್ಟಿನ ಮುಂದೆ ನಿಂತು ಸಂಜೆಯವರೆಗೆ ಮುಳ್ಳು ಬಿಡಿಸಿದಳು. ಪಕ್ಕದವಳು ಏನು ಸುದ್ದಿ ಎಂದು ಕೇಳಿದಾಗ, "ಮಗು ಹುಟ್ಟಿದೆಯಂತೆ" ಎಂದಳು. ಯಾರದು ಎಂದು ಕೇಳಿದ್ದಕ್ಕೆ ಪರಿಚಯದವರದು ಎಂದಳು.

ಆಗಸ್ಟಿನಲ್ಲಿ ನಾಮಕರಣಕ್ಕೆ ಕರೆ ಬಂತು. ಹೋಗುವುದಿಲ್ಲ ಎಂದಳು. ಬೈಂಟಾ ಜಗಳವಾಡಿದಳು. ದಾನ್ಯಾಲ್, "ನಾನಾದ್ರೆ ಮೊದಲ ಹಡಗಿಗೇ ಹೋಗ್ತಿದ್ದೆ ಅಕ್ಕ, ಊಟ ಜೋರಿರುತ್ತೆ" ಎಂದ. ಆ ಹೊತ್ತಿಗೆ ತುಮ್ಮಾಸ್ ಭಾನುವಾರದ ಊಟಕ್ಕೆ ಮೇಲಿನ ಮನೆಗೆ ಬರುವುದು ರೂಢಿಯಾಗಿತ್ತು. ಬಂದು, ಗಾಳಿಗೆ ತೂಗುಹಾಕಿ ಹದಗೊಳಿಸಿದ ಮಾಂಸದ ಸೂಪು ಕುಡಿದು, ತಟ್ಟೆ ತೊಳೆದಿಟ್ಟು ಕೆಳಗೆ ಹೋಗುತ್ತಿದ್ದ. ರಾತ್ರಿ ಉಳಿ ಎಂದು ಅವಳು ಹೇಳಲಿಲ್ಲ, ಉಳಿಯಲೇ ಎಂದು ಅವನು ಕೇಳಲಿಲ್ಲ. ನಾಮಕರಣದ ಹಿಂದಿನ ಭಾನುವಾರ ಅವಳೇ, "ನಿನ್ನ ಕಪ್ಪು ಕೋಟು ಇನ್ನೂ ಹಿಡಿಸುತ್ತಾ?" ಎಂದು ಕೇಳಿದಳು.

ಚರ್ಚಿನಲ್ಲಿ ಇಬ್ಬರೂ ಕೊನೆಯ ಸಾಲಿನಲ್ಲಿ ಕೂತರು. ಆಮೇಲೆ ಊಟದ ಮನೆಯಲ್ಲಿ ದುರಿಟಾ, ತೆಳ್ಳನೆಯ ದಣಿದ ಹೆಂಗಸು, ಮಗುವನ್ನು ತಂದು ಯೆನ್ಸಿನಾಳ ತೋಳಿನಲ್ಲಿ ಇಟ್ಟಳು. ಸುತ್ತಲೂ ಜನ ಸುಮ್ಮನಾದರು. ಅವಳು ಅಳುವುದನ್ನು ಎಲ್ಲರೂ ಕಾಯುತ್ತಿದ್ದಾರೆಂದು ಯೆನ್ಸಿನಾಳಿಗೆ ತಿಳಿಯಿತು. ಮಗು ಬಿಕ್ಕಳಿಸಿತು. ಅದರ ತಲೆಯ ಹಿಂಭಾಗ ಬೆವೆತು ಬೆಚ್ಚಗಿತ್ತು. ಕೆನ್ನೆ ಸಾಧಾರಣ ಕೆಂಪು. ಅವಳು ಅದರ ಉಣ್ಣೆಯ ಕಾಲುಚೀಲ ಸರಿಪಡಿಸಿದಳು.

"ತೂಕ ಇದ್ದಾನೆ" ಎಂದಳು.

ದುರಿಟಾ ನಕ್ಕಳು. ಜನ ಮತ್ತೆ ಮಾತಿಗೆ ತೊಡಗಿದರು. ಅವಳ ತೋಳು ನೋಯುವವರೆಗೂ ಮಗು ಅಲ್ಲೇ ಇತ್ತು, ಯಾರೂ ಕೇಳಿ ಪಡೆಯಲಿಲ್ಲ. ಆಮೇಲೆ ಅಜ್ಜಿಯ ಕೈಗೆ ಕೊಟ್ಟು, ಮಾಂಸ, ಆಲೂಗಡ್ಡೆ, ಎರಡು ಬಗೆಯ ಕೇಕು ತಿಂದು ಸಂಜೆಯ ಹಡಗು ಹಿಡಿದರು.

ಹಡಗು ಹೊರಕಡಲಿಗೆ ಬಂದು ಓಲಾಡತೊಡಗಿದಾಗ ತುಮ್ಮಾಸ್ ಥರ್ಮಾಸಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಟ್ಟ.

"ಎತ್ಕೊಂಡಾಗ ಹೇಗನ್ನಿಸ್ತು?" ಎಂದ.

ಯೆನ್ಸಿನಾ ಕಾಫಿ ಗುಟುಕರಿಸಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಮಗು ಎತ್ಕೊಂಡ ಹಾಗೆ" ಎಂದಳು. "ಈ ಕಾಫಿಗೆ ಸಕ್ಕರೆ ಹಾಕಿಲ್ವಲ್ಲ ನೀನು."

"ಮರೆತೆ" ಎಂದ ತುಮ್ಮಾಸ್. ಎದ್ದು, ಸಾಲು ಸೀಟುಗಳ ಬೆನ್ನು ಹಿಡಿದುಕೊಂಡು ಓಲಾಡುತ್ತಾ ಹೋಟೆಲಿನ ಕಡೆಗೆ ಸಕ್ಕರೆ ಕೇಳಲು ಹೋದ.